ಗುಡವಿಯ ಕೆರೆಯ ದಂಡೆಯಲ್ಲಿ

ಸೊರಬದಿಂದ ಸುಮಾರು 16 ಕಿಲೋಮೀಟರು ದೂರದಲ್ಲಿರುವ ಗುಡವಿಯ ಹೆಸರನ್ನು ವಾಚಕರಲ್ಲಿ ಹಲವರು ಕೇಳಿರಬಹುದು, ಕಂಡವರು ವಿರಳ. ಚಂದ್ರಗುತ್ತಿಗೂ ಬನವಾಸಿಗೂ ಯಾತ್ರೆ ಹೋಗುವವರು ಇಲ್ಲಿ ಇಳಿಯುವುದು ಅಪರೂಪ. ನಾವೂ ಮೂವತ್ತು ವರ್ಷ ಈ ಸೀಮೆಯಲ್ಲಿಯೇ ಉಪಾಧ್ಯಾಯವೃತ್ತಿಯಲ್ಲಿದ್ದು ಒಮ್ಮೆಯೂ ಇಳಿದವರಲ್ಲ. ಕಳೆದ ಶ್ರಾವಣದಲ್ಲಿ ಇಳಿದೆವು. ಅದಕ್ಕೆ ಕಾರಣ ಪಕ್ಷಿಗಳಲ್ಲ. ನಮ್ಮ ಅಕ್ಕನ ಮೊಮ್ಮಗ.

ಬಾಲಕನಿಗೆ ಹದಿನೈದು ವರ್ಷ. ಹಾಕಿಯಾಟದಲ್ಲಿ ಅವನಿಗೆ ಅತ್ಯಾಸಕ್ತಿ. ಕ್ರೀಡಾ ವಸತಿನಿಲಯವೊಂದರಲ್ಲಿ ಅವನಿಗೆ ಸ್ಥಾನ ದೊರೆತಿತ್ತು. ಎಂಟು ದಿನದೊಳಗೆ ಒಪ್ಪಿಗೆ ತಿಳಿಸಬೇಕಾಗಿತ್ತು. ಅವನ ತಂದೆ, ಎಂದರೆ ನಮ್ಮ ಸೋದರಳಿಯ, “ಮಾವಯ್ಯ, ಇವನು ಓದು ಬಿಟ್ಟು ಕೋಲು ಹಿಡಿಯುತ್ತೇನೆನ್ನುತ್ತಾನೆ. ನಿಮ್ಮ ಮಾತಾದರೆ ಕೇಳಿಯಾನು. ನಾಲ್ಕು ದಿನ ಇಟ್ಟುಕೊಂಡು ಬುದ್ಧಿ ಹೇಳಿ” ಎಂದು ನಮ್ಮ ಬಳಿಗೆ ಕಳುಹಿದ್ದನು. ಮನೆಯೊಳಗೆ ಹೇಳಿದ ಬುದ್ಧಿಯು ಮಕ್ಕಳಿಗೆ ರುಚಿಸದೆಂಬುದು ನಮ್ಮ ಅನುಭವ. ಆದುದರಿಂದ ಅವನನ್ನು ಗುಡವಿಗೆ ಕರೆದುಕೊಂಡು ಹೋದೆವು.

ಕೆರೆಯು ದೊಡ್ಡದಲ್ಲ. 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಪ್ರದೇಶದ ವಿಸ್ತಾರವು ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ. ಆದರೆ ಮಳೆಗಾಲದಲ್ಲಿ ಅದರ ಶೋಭೆ ವರ್ಣನಾತೀತ. ನೀರಿನ ನಡುವೆ ಲಕ್ಕಿಯ ಮರಗಳು ಮುಂಡದವರೆಗೂ ಮುಳುಗಿ ನಿಂತಿರುವುವು. ಕೊಂಬೆ ಕೊಂಬೆಗೂ ಗೂಡು. ಕಪ್ಪು ಕತ್ತು, ಬಾಗಿದ ಕೊಕ್ಕು, ಹಾಲಿನಂತಹ ಮೈಯುಳ್ಳ ಬಿಳಿ ಕೆಂಬರಲುಗಳು ಸಂಸಾರ ಹೂಡಿದ್ದುವು. ನೀರುಕಾಗೆಗಳು ಮುಳುಗೇಳುತ್ತಿದ್ದುವು. ಹಾವಕ್ಕಿಯೊಂದು ಒಣಗಿದ ಕೊಂಬೆಯ ಮೇಲೆ, ಒಗೆದ ವಸ್ತ್ರವನ್ನು ಹರವುವಂತೆ, ರೆಕ್ಕೆಗಳನ್ನು ಬಿಡಿಸಿ ಬಿಸಿಲಿಗೊಡ್ಡಿತ್ತು. ಮಳೆಯ ಆರಂಭದಲ್ಲಿ ಬರುವ ಈ ಪಕ್ಷಿಗಳು ಮೊಟ್ಟೆಯಿಟ್ಟು, ಮರಿಗಳನ್ನು ಸಾಕಿ, ಚಳಿಗಾಲ ಬಲಿಯುವಷ್ಟರಲ್ಲಿ ಬಹುಮಟ್ಟಿಗೆ ತೆರಳಿಬಿಡುವುವು.

ದಂಡೆಯ ಮೇಲೆ ಕುಳಿತು ಅವಲಕ್ಕಿಯ ಗಂಟನ್ನು ಬಿಚ್ಚುತ್ತಿರುವಾಗ ಬಾಲಕನು, “ಅಜ್ಜಯ್ಯ, ಲೇಹದಲ್ಲಿ ಚಳಿಗಾಲಕ್ಕೆ ಇಂಥ ಕೆರೆ ಗಟ್ಟಿಯಾಗುತ್ತದಂತೆ. ಅದರ ಮೇಲೆಯೇ ಹುಡುಗರು ಹಾಕಿಯಾಡುತ್ತಾರೆ” ಎಂದನು. ನಾವು ನಂಬಲಿಲ್ಲ. ಅವನು ವಿವರಿಸಿದನು. ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ. ಚೆಂಡಿಗೆ ಪ್ರತಿಯಾಗಿ ರಬ್ಬರಿನ ಬಿಲ್ಲೆ. ಪಕ್ಷಕ್ಕೆ ಆರು ಜನ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ 1875ರಲ್ಲಿ ಇದನ್ನು ಛಾವಣಿಯ ಕೆಳಗೆ ಆಡಿದರಂತೆ. 1917ರಲ್ಲಿ ವೃತ್ತಿಯಾಟಗಾರರ ಸಂಘವೇ ಅಲ್ಲಿ ಸ್ಥಾಪಿತವಾಯಿತಂತೆ. ಆಟವೇ ಜೀವನೋಪಾಯವಾದವರು ಅಲ್ಲಿ ಅನೇಕರು.

“ಅದು ಹಿಮದ ದೇಶದ ಮಾತು. ನಮ್ಮ ನಾಡಿನಲ್ಲಿ ಕೋಲು ಹಿಡಿದು ಬದುಕಿದವರಾರು?” ಎಂದು ನಾವು ಕೇಳಿದೆವು. ಪ್ರಶ್ನೆಯಿಂದ ಅವನ ಬಾಯಿ ಕಟ್ಟುವುದೆಂದು ನಮ್ಮ ಎಣಿಕೆ.

ಆಗ ಅವನು ಕೊಡಗಿನ ಸೋಮವಾರಪೇಟೆಯ ಎಸ್. ವಿ. ಸುನಿಲರ ವೃತ್ತಾಂತವನ್ನು ಹೇಳತೊಡಗಿದನು. ಬಡಗಿಯ ಮಗ. 2007ರಲ್ಲಿ ಭಾರತದ ತಂಡವನ್ನು ಸೇರಿದರು. 2009ರಲ್ಲಿ ಮಲೇಷ್ಯಾದಲ್ಲಿ ಆಡುತ್ತಿರುವಾಗ ತಂದೆ ತೀರಿಕೊಂಡ ವಾರ್ತೆ ಬಂದಿತು. ಅವರು ತಂಡದೊಡನೆಯೇ ಉಳಿದರು. ಲಂಡನ್ನಿನ 2012ರ ಮತ್ತು ರಿಯೋ ನಗರದ 2016ರ ಒಲಿಂಪಿಕ್ಸುಗಳಲ್ಲಿ ಆಡಿದರು. 2014ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕ. 2017ರಲ್ಲಿ ಅರ್ಜುನ ಪ್ರಶಸ್ತಿ. ಹಾಕಿ ಇಂಡಿಯಾ ಲೀಗಿನಲ್ಲಿ ಪಂಜಾಬಿನ ತಂಡದ ಪರವಾಗಿ ವೇತನ ಪಡೆದು ಆಡಿದರು.

“ಹಾಗಾದರೆ ಸುಖವಾಗಿಯೇ ಮುಗಿಯಿತಲ್ಲ” ಎಂದೆವು.

“ಇಲ್ಲ ಅಜ್ಜಯ್ಯ. 2018ರಲ್ಲಿ ಮೊಣಕಾಲಿಗೆ ಪೆಟ್ಟಾಯಿತು. ಭುವನೇಶ್ವರದ ವಿಶ್ವಕಪ್ಪು ತಪ್ಪಿತು. 2021ರಲ್ಲಿ ಟೋಕಿಯೋದಲ್ಲಿ ನಮ್ಮವರಿಗೆ ನಲವತ್ತೊಂದು ವರ್ಷಗಳ ಮೇಲೆ ಪದಕ ಬಂತಲ್ಲ, ಆ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಅದೇ ಅಕ್ಟೋಬರಿನಲ್ಲಿ ನಿವೃತ್ತರಾದರು. 264 ಪಂದ್ಯ, 72 ಗೋಲು.”

ಬಾಲಕನು ಗೆಲವನ್ನು ಹೇಳಿದ ಧ್ವನಿಯಲ್ಲಿಯೇ ಸೋಲನ್ನೂ ಹೇಳಿದನು. ನಾವು ಎಚ್ಚರಿಸಬೇಕೆಂದಿದ್ದುದನ್ನು ಅವನು ಮೊದಲೇ ಅರಿತಿದ್ದನು. ಹದಿನಾಲ್ಕು ವರ್ಷ ಮೈಯನ್ನು ತೇಯ್ದವನಿಗೆ ಕಡೆಯ ಫಲ ತಪ್ಪಬಹುದೆಂದು ಬಲ್ಲವನಾಗಿಯೂ ಅವನು ಆ ದಾರಿಯನ್ನೇ ಬಯಸುತ್ತಿದ್ದನು. ನಮಗೆ ಉತ್ತರ ತೋಚಲಿಲ್ಲ.

ಇಲ್ಲಿ ನಮ್ಮ ಅಪರಾಧವೊಂದನ್ನು ವಾಚಕರಲ್ಲಿ ಮುಚ್ಚಿಡಲಾಗದು. ಬಹಳ ವರ್ಷಗಳ ಕೆಳಗೆ ನಮ್ಮ ತರಗತಿಯಲ್ಲಿ ಜಿಂಕೆಯಂತೆ ಓಡುವ ಹುಡುಗನೊಬ್ಬನಿದ್ದನು. ಶಬ್ದರೂಪಗಳನ್ನು ತಪ್ಪಿದನೆಂದು ಅವನ ಕೋಲನ್ನು ಕಿತ್ತು ಬೀರುವಿನಲ್ಲಿಟ್ಟೆವು. ವರ್ಷಾಂತ್ಯದಲ್ಲಿ ಹಿಂದಕ್ಕೆ ಕೊಡಹೋದರೆ, “ಇನ್ನು ಬೇಡ, ಮೇಷ್ಟ್ರೇ” ಎಂದನು. ಶಬ್ದರೂಪಗಳೂ ಅವನಿಗೆ ಬರಲಿಲ್ಲ. ಇಂದಿಗೂ ದಾರಿಯಲ್ಲಿ ಕಂಡರೆ ಕೈಮುಗಿಯುತ್ತಾನೆ. ಆ ನಮಸ್ಕಾರವು ನಮ್ಮನ್ನು ಚುಚ್ಚುತ್ತದೆ.

ಅಷ್ಟರಲ್ಲಿ ಎದುರಿನ ಮರದಲ್ಲಿ ಕೆಂಬರಲಿನ ಮರಿಯೊಂದು ಗೂಡಿನಂಚಿಗೆ ಬಂದು ರೆಕ್ಕೆ ಬಡಿಯಿತು, ಹಾರಲಿಲ್ಲ. ಮತ್ತೊಮ್ಮೆ ಬಡಿದು, ತೂರಾಡಿ, ಪಕ್ಕದ ಕೊಂಬೆಗೆ ನೆಗೆದು ಹಿಡಿದುಕೊಂಡಿತು. ತಾಯಿಹಕ್ಕಿಯು ಅದನ್ನು ತಡೆಯಲಿಲ್ಲ, ತಳ್ಳಲೂ ಇಲ್ಲ. ಸಮೀಪದಲ್ಲಿ ಕುಳಿತಿತ್ತು, ಅಷ್ಟೆ.

ಮನೆಗೆ ಬಂದ ರಾತ್ರಿಯೇ ಸೋದರಳಿಯನಿಗೆ ಪತ್ರ ಬರೆದೆವು: “ಬುದ್ಧಿ ಹೇಳಲು ಕರೆದೊಯ್ದವರು ಬುದ್ಧಿ ಕಲಿತು ಬಂದಿದ್ದೇವೆ. ಹುಡುಗನನ್ನು ಕಳುಹಿಸು. ಆಟಗಾರನ ಕಾಲವು ಮಳೆಗಾಲದಂತೆ ಸಣ್ಣದು. ಆದುದರಿಂದ ಓದು ಬಿಡಕೂಡದೆಂಬ ನಿಯಮವನ್ನು ಅವನಿಂದ ಮಾಡಿಸಿಕೊಂಡಿದ್ದೇವೆ. ರಜೆಗಳಲ್ಲಿ ನಮ್ಮಲ್ಲಿಗೆ ಬರಲಿ. ಪಾಠದ ಹೊಣೆ ನಮ್ಮದು.” ನಾಲ್ಕನೆಯ ದಿನ ಒಪ್ಪಿಗೆಯ ಉತ್ತರ ಬಂದಿತು. ಅಳಿಯನಿಗೆ ಪೂರ್ಣ ಸಮಾಧಾನವಾಗಿಲ್ಲವೆಂಬುದು ಅದರ ಎರಡೇ ಸಾಲುಗಳಿಂದ ತಿಳಿಯುತ್ತಿತ್ತು. ಬಾಲಕನು ಈಗ ನಿಲಯದಲ್ಲಿರುವನು. ಮುಂದೇನಾಗುವನೋ ದೈವವೇ ಬಲ್ಲದು.

ಗುಡವಿಯನ್ನು ನೋಡಬಯಸುವ ವಾಚಕರು ಆಷಾಢದಿಂದ ಕಾರ್ತಿಕದೊಳಗೆ ಹೋಗುವುದು ಲೇಸು. ಕೊಡೆಯಿರಲಿ, ದುರ್ಬೀನಿರಲಿ, ಮಾತು ಮೆಲ್ಲಗಿರಲಿ. ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಅಲ್ಲಿ ಕುಳಿತಾಗ ಅವರು ಆಡುವ ಮಾತನ್ನು ನಡುವೆ ತಡೆಯದೆ ಕೇಳಿರಿ.