ಮೊಣಕಾಲಿಗೆ ಕೈಯೂರಿ ಏಳುವವನು

ಕಾಸರಗೋಡಿನ ಹಳ್ಳಿಯೊಂದರ ಕನ್ನಡ ಶಾಲೆಯ ಎರಡನೆಯ ತರಗತಿಯಲ್ಲಿ ಆ ಹುಡುಗನಿಗೆ ‘ಸೋಮಾರಿ’ ಎಂಬ ಹೆಸರು ಬಿದ್ದದ್ದು ಅಧ್ಯಾಪಿಕೆಯ ಬಾಯಿಂದಲೇ. ನೆಲದಿಂದ ಏಳುವಾಗ ಅವನು ಮೊದಲು ನೆಲಕ್ಕೆ ಕೈಯೂರುವನು, ಅನಂತರ ಮೊಣಕಾಲಿಗೆ, ತೊಡೆಗೆ. ತನ್ನ ಮೈಯನ್ನೇ ಏಣಿಯಾಗಿಸಿಕೊಂಡು ಏರುವಂತೆ. ಮೀನಖಂಡಗಳು ಮಾತ್ರ ಪೈಲ್ವಾನನಂತೆ ದಪ್ಪ. ಆ ದಪ್ಪ ಬಲವಲ್ಲವೆಂದು ಅವರಿಗೆ ತಿಳಿದದ್ದು ತಡವಾಗಿ.

ಪೇಟೆಯ ವೈದ್ಯರು ಮಂಗಳೂರಿಗೆ ಬರೆದುಕೊಟ್ಟ ಚೀಟಿ ಮಳೆಗಾಲವಿಡೀ ಮನೆಯಲ್ಲೇ ಉಳಿಯಿತು. “ಮಗುವಿಗೆ ಕರೆಂಟು ಕೊಡುತ್ತಾರಂತೆ ಟೀಚರ್” ಎಂದು ತಾಯಿ ಕಣ್ಣೊರಸಿಕೊಂಡರು. ಅಧ್ಯಾಪಿಕೆ ತಾವೇ ಜೊತೆಗೆ ಹೊರಟರು. ಅದರಲ್ಲಿ ಪ್ರಾಯಶ್ಚಿತ್ತದ ಪಾಲೂ ಇತ್ತು.

ವೈದ್ಯರು ಸಾವಧಾನವಾಗಿ ವಿವರಿಸಿದರು. ಕರೆಂಟಿನ ಪರೀಕ್ಷೆಯೆಂದರೆ ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನರದ ವೇಗವನ್ನು ಅಳೆಯುವುದು. ಆರೋಗ್ಯವಂತ ವಯಸ್ಕರ ತೋಳಿನಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರಿಗೂ ಮಿಕ್ಕು. ಸೂಜಿಯ ಪರೀಕ್ಷೆ ಸ್ನಾಯುವಿನೊಳಗಿನ ವಿದ್ಯುತ್ತನ್ನು ದಾಖಲಿಸುತ್ತದೆ. ದೋಷವಿರುವುದು ನರದಲ್ಲೋ ಸ್ನಾಯುವಿನಲ್ಲೋ ಎಂಬುದನ್ನು ಇವು ಬೇರ್ಪಡಿಸಿ ತೋರಿಸುತ್ತವೆ. ಆದರೆ ಹುಡುಗನಿಗೆ ಎರಡೂ ಬೇಕಾಗಲಿಲ್ಲ. ತಿಂಗಳುಗಟ್ಟಲೆ ಹೆದರಿದ್ದೇ ಬಂತು! ತುಸು ರಕ್ತ ಸಾಕಾಯಿತು: ಹಾಳಾದ ಸ್ನಾಯುವಿನಿಂದ ಸೋರುವ ಕ್ರಿಯಾಟಿನ್ ಕೈನೇಸ್ ಮಿತಿಗಿಂತ ಹತ್ತಾರು ಪಟ್ಟು ಹೆಚ್ಚಿತ್ತು. ಡ್ಯುಷೆನ್ ಸ್ನಾಯುಕ್ಷಯವೆಂಬುದನ್ನು ವಂಶವಾಹಿಯ ಪರೀಕ್ಷೆ ಖಚಿತಪಡಿಸಿತು. ಬೇರುಸಹಿತ ಕಳೆಯುವ ಮದ್ದಿಲ್ಲ. ನಡೆದಾಡುವ ಕಾಲವನ್ನು ತುಸು ಹಿಗ್ಗಿಸುವ ಸ್ಟೀರಾಯ್ಡ್ ಗುಳಿಗೆಯುಂಟು, ವ್ಯಾಯಾಮವುಂಟು.

ಮರುವಾರ ಎರಡನೆಯ ತರಗತಿ ಮಹಡಿಯಿಂದ ಕೆಳಗಿಳಿಯಿತು. ಹಾಜರಿ ಕೂಗುವಾಗ ಎದ್ದುನಿಲ್ಲಬೇಕೆಂಬ ನಿಯಮವನ್ನು ಅಧ್ಯಾಪಿಕೆ ತೆಗೆದುಹಾಕಿದರು, ಅವನೊಬ್ಬನಿಗಲ್ಲ, ಎಲ್ಲರಿಗೂ.