ಪಾತ್ರಕ್ಕೊಂದು ಚಾಳಿ

ಒಂದು ಕಥೆ ಓದಿ ಹತ್ತು ವರ್ಷವಾದ ಮೇಲೆ ಏನು ನೆನಪಿರುತ್ತದೆ? ಊರಿನ ಹೆಸರು ಮರೆತಿರುತ್ತದೆ, ಕೊನೆಗೆ ಏನಾಯಿತೆಂಬುದೂ ಅರ್ಧಂಬರ್ಧ. ಆದರೆ ಮಾತುಮಾತಿಗೂ ಮೂಗು ಉಜ್ಜಿಕೊಳ್ಳುತ್ತಿದ್ದ ಶಾನುಭೋಗರೋ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೇ ಮಲಗುತ್ತಿದ್ದ ಅಜ್ಜಿಯೋ ತಲೆಯಲ್ಲಿ ಕೂತುಬಿಟ್ಟಿರುತ್ತಾರೆ. ಇಂಥದ್ದನ್ನು ನಾವು ಮನೆಯಲ್ಲಿ 'ಚಾಳಿ' ಅನ್ನುತ್ತೇವೆ. ಸಾಮಾನ್ಯವಾಗಿ ಬೈಯುವಾಗ ಬರುವ ಮಾತು ಅದು. ಕಥೆ ಬರೆಯುವವರಿಗೆ ಮಾತ್ರ ಅದೇ ಬಂಡವಾಳ.

ನಾನು ಕನ್ನಡ ಟೀಚರಾಗಿ ನಿವೃತ್ತಳಾದವಳು. ಜಯನಗರದಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಭಾನುವಾರ ಬೆಳಗ್ಗೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಕಥೆ ಬರೆಸುತ್ತೇನೆ. ಮೊದಮೊದಲು ಎಲ್ಲರ ಕಥೆಯಲ್ಲೂ ಒಬ್ಬನೇ ಹುಡುಗ ಬರುತ್ತಿದ್ದ. ಒಳ್ಳೆಯವನು, ಚೆನ್ನಾಗಿ ಓದುವವನು, ಹಿರಿಯರಿಗೆ ವಿಧೇಯ. 'ಇವನನ್ನು ಗುಂಪಿನಲ್ಲಿ ಹೇಗೆ ಗುರುತು ಹಿಡಿಯೋದು? ಏನಾದರೂ ಚಾಳಿ ಕೊಡಿ' ಅಂದೆ. ಮುಂದಿನ ವಾರ ಸುಣ್ಣದ ಕಡ್ಡಿ ತಿನ್ನುವವನು, ಹಿಂದೆ ಹಿಂದೆ ನಡೆಯುವವನು, ಬಲಗಾಲಿಗೆ ಹಸಿರು, ಎಡಗಾಲಿಗೆ ಕೆಂಪು ಕಾಲುಚೀಲ ಹಾಕುವವನು, ಎಲ್ಲರೂ ಬಂದರು! ಒಂದು ಸಾಲಿಗೆ ನಕ್ಕೆವು. ಎರಡನೇ ಸಾಲಿಗೆ ಯಾರಿಗೂ ನಗು ಬರಲಿಲ್ಲ.

ಯಾಕೆ ಹೀಗೆ? ದೊಡ್ಡವರು ಬರೆದದ್ದನ್ನು ನೋಡೋಣ ಅಂದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದ ಕಾದಂಬರಿ. ಅದರಲ್ಲಿ ಗುತ್ತಿ ಎಂಬ ಜೀತದಾಳು ಇದ್ದಾನೆ. ಎಲ್ಲಿಗೆ ಹೋದರೂ ಅವನ ಜೊತೆ ಹುಲಿಯ ಎಂಬ ನಾಯಿ. ಹಾಗಾಗಿ ಅವನ ಹೆಸರೇ 'ನಾಯಿಗುತ್ತಿ' ಆಗಿಬಿಟ್ಟಿದೆ. ಮೊದಲಿಗೆ ಅದು ಬರೀ ಗುರುತು. ಪುಟ ತಿರುವುತ್ತಾ ಹೋದಂತೆ ಅವರಿಬ್ಬರ ಸ್ನೇಹ ನಮಗೂ ಅಂಟಿಕೊಳ್ಳುತ್ತದೆ. ಮಳೆಗಾಲದ ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋದಾಗ ಗುತ್ತಿಯ ಜೊತೆ ನಮ್ಮ ಗಂಟಲೂ ಕಟ್ಟುತ್ತದೆ. ನಾಯಿ ಜೊತೆಗಿರುವುದು ಅವನ ಚಾಳಿ ಅಂದುಕೊಂಡಿದ್ದೆವು. ಅದು ಅವನ ಜೀವವೇ ಆಗಿತ್ತು.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ದ ಮಂದಣ್ಣ ಇನ್ನೊಬ್ಬ. ಹಳ್ಳಿಯವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಅಲೆಮಾರಿ. ಜೇನು, ಹುಳ, ಕಾಡು ಅಂತ ಸುತ್ತುವುದೇ ಅವನ ಗೀಳು. ಆ ಗೀಳಿನ ಹಿಂದೆ ಎಂಥ ಚುರುಕು ಕಣ್ಣಿದೆ ಎಂದು ವಿಜ್ಞಾನಿ ಕರ್ವಾಲೊಗೆ ಮಾತ್ರ ಗೊತ್ತಾಗುತ್ತದೆ. ಹಾರುವ ಓತಿಯನ್ನು ಹುಡುಕುತ್ತಾ ಅವರು ಕಾಡಿಗೆ ಹೊರಡುವುದು ಅವನನ್ನು ನಂಬಿ!

ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಬರೆದ ಶ್ರೀಸಾಮಾನ್ಯನನ್ನು ತಾತಂದಿರಿಗೆ ನೆನಪಿಸಬೇಕಿಲ್ಲ. ಪಂಚೆ, ಚೌಕುಳಿ ಕೋಟು, ದುಂಡು ಕನ್ನಡಕ. ಸುತ್ತಲಿನವರೆಲ್ಲ ವಟವಟ ಅನ್ನುತ್ತಿದ್ದರೂ ಅವನು ತುಟಿ ಬಿಚ್ಚುವುದಿಲ್ಲ. ಸಾಮಾನ್ಯ ಮನುಷ್ಯನ ಮಾತನ್ನು ಯಾರೂ ಕೇಳುವುದಿಲ್ಲವಲ್ಲ, ಅದಕ್ಕೇ ಅವನ ಮೌನ ನಮಗೆ ಅಷ್ಟು ಚೆನ್ನಾಗಿ ಕೇಳಿಸುತ್ತದೆ.

ಮನುಷ್ಯರೇ ಆಗಬೇಕೆಂದಿಲ್ಲ, ಕಟ್ಟಡಕ್ಕೂ ಚಾಳಿ ಇರಬಹುದು. ಜೆ.ಪಿ. ನಗರದ ರಂಗಶಂಕರಕ್ಕೆ ಹೋದವರಿಗೆ ಗೊತ್ತು, ನಾಟಕದ ಹೊತ್ತಾಯಿತೆಂದರೆ ಬಾಗಿಲು ಮುಚ್ಚಿತು. ಆಮೇಲೆ ಟಿಕೆಟ್ ಕೈಯಲ್ಲಿದ್ದರೂ ಒಳಗೆ ಬಿಡುವುದಿಲ್ಲ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ಶುರುವಾದ ಈ ರಂಗಮಂದಿರ ನನ್ನ ಮಟ್ಟಿಗೆ ಗಡಿಯಾರ ನೋಡುತ್ತಾ ಬಾಗಿಲಲ್ಲಿ ನಿಂತ ಸೋದರತ್ತೆ. ಬೈದುಕೊಂಡೇ ಓಡುತ್ತೇವೆ. ಒಳಗೆ ಕೂತ ಮೇಲೆ, ನಟರ ಮೇಲಿನ ಮರ್ಯಾದೆಗೆ ಅತ್ತೆ ಅಷ್ಟು ಕಟ್ಟುನಿಟ್ಟು ಎಂದು ಅರ್ಥವಾಗುತ್ತದೆ.

ಗುಟ್ಟು ಇಷ್ಟೇ: ಚಾಳಿಗೆ ಒಂದು 'ಯಾಕೆ' ಇರಬೇಕು. ಕಾಲುಚೀಲದ ಹುಡುಗನಿಗೆ ಅದು ಇರಲಿಲ್ಲ.

'ಹಾಗಾದರೆ ಯಾಕೆ ಅಂತ ಹುಡುಕೋಣ' ಎಂದು ಒಬ್ಬ ಹುಡುಗ ಹೊರಟ. ನಮ್ಮ ಪಾರ್ಕಿಗೆ ಬರುವ ಒಬ್ಬ ತಾತ ಬಿರುಬೇಸಿಗೆಯಲ್ಲೂ ಕೊಡೆ ಹಿಡಿದಿರುತ್ತಾರೆ, ಬಿಚ್ಚುವುದು ಮಾತ್ರ ಇಲ್ಲ. ಹುಡುಗ ಅವರನ್ನು 'ಅರೆಹುಚ್ಚ' ಎಂದು ಬರೆದಿದ್ದ. 'ತಾತ, ಕೊಡೆ ಯಾಕೆ?' ಎಂದು ಕೇಳಿಯೇಬಿಟ್ಟ. ಅವರು ಕೊಡೆ ತಿರುಗಿಸಿ, ಅದರ ಬಾಗಿದ ಹಿಡಿಯಿಂದ ಸಂಪಿಗೆ ಕೊಂಬೆಯನ್ನು ಕೆಳಕ್ಕೆ ಎಳೆದು ಎರಡು ಹೂ ಕಿತ್ತು ತೋರಿಸಿದರು. ಮನೆಯಲ್ಲಿ ಅಜ್ಜಿಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯಲಾಗುವುದಿಲ್ಲ. ಹೂವಿಲ್ಲದೆ ಅವರ ಪೂಜೆ ಮುಗಿಯುವುದಿಲ್ಲ. ಹುಡುಗ ಓಡಿಬಂದು 'ಅರೆಹುಚ್ಚ' ಎಂಬುದನ್ನು ಹೊಡೆದುಹಾಕಿದ. ನಾನು ಹೇಳಬೇಕಾಗಲೇ ಇಲ್ಲ.

ಕಷ್ಟವಾಗಿದ್ದು ಒಬ್ಬ ಹುಡುಗಿಯ ಕಥೆ. ಬನಶಂಕರಿಯ ಅವಳ ಮನೆಯಲ್ಲಿ ತಾತನಿಗೆ ಮರೆವಿನ ಕಾಯಿಲೆ. 'ಊಟ ಆಯ್ತೇನಮ್ಮ?' ಎಂದು ಗಂಟೆಗೆ ಹತ್ತು ಸಲ ಕೇಳುತ್ತಾರೆ. ಅವಳು ಅದನ್ನೇ ತಾತನ ಪಾತ್ರದ ಚಾಳಿ ಮಾಡಿ ಬರೆದಿದ್ದಳು. ಓದಿದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಗಲು ಹೋದಳು, ಆದರೆ ಕಣ್ಣು ತುಂಬಿತು. ಪುಸ್ತಕ ಮುಚ್ಚಿ ಚೀಲಕ್ಕೆ ತುರುಕಿದಳು.

ನಾನು ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. 'ಕಾಯಿಲೆ ಚಾಳಿ ಅಲ್ಲ ಕಂದ. ತೊದಲು, ಕುಂಟು, ಮರೆವು, ಇವನ್ನೆಲ್ಲ ಯಾರೂ ಬೇಕೆಂದು ಇಟ್ಟುಕೊಂಡವರಲ್ಲ. ತಾತ ಕೇಳಿದಾಗ ನೀನು ಏನು ಹೇಳ್ತೀಯ?' ಅಂದೆ.

ಅವಳು ಮೂಗೊರೆಸಿಕೊಂಡು ಹೇಳಿದಳು: 'ಒಂದೊಂದು ಸಲ ಒಂದೊಂದು ಹೇಳ್ತೀನಿ ಅಜ್ಜಿ. ಒಂದ್ಸಲ ಬಿಸಿಬೇಳೆಬಾತು ಅಂತೀನಿ, ಇನ್ನೊಂದ್ಸಲ ಹೋಳಿಗೆ ಅಂತೀನಿ. ಆನೆ ತಿಂದೆ ಅಂದ್ರೆ ಜೋರಾಗಿ ನಗ್ತಾರೆ.'

'ಇದನ್ನ ಬರಿ' ಅಂದೆ.

ಮರುವಾರ ಕಥೆ ಬಂತು. ಈಗ ಚಾಳಿ ಇದ್ದದ್ದು ಮೊಮ್ಮಗಳಿಗೆ. ಒಂದೇ ಪ್ರಶ್ನೆಗೆ ಒಮ್ಮೆಯೂ ಒಂದೇ ಉತ್ತರ ಕೊಡದ ಹುಡುಗಿ! ಮಕ್ಕಳು ಈ ಸಲವೂ ನಕ್ಕರು, ಮೊದಲಿಗಿಂತ ಹೆಚ್ಚೇ ನಕ್ಕರು. ಯಾರ ಕಣ್ಣಲ್ಲೂ ನೀರು ಬರಲಿಲ್ಲ, ನನ್ನದೊಂದನ್ನು ಬಿಟ್ಟು. ಮನೆಯಲ್ಲಿ ತಾತನಿಗೆ ಓದಿ ಹೇಳಿದಳಂತೆ. ಪೂರ್ತಿ ಕೇಳಿ, 'ಜಾಣೆ. ಊಟ ಆಯ್ತೇನಮ್ಮ?' ಅಂದರಂತೆ.

ಮಕ್ಕಳೇ, ಈ ವಾರ ನೀವೂ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಒಬ್ಬರನ್ನು ಆರಿಸಿಕೊಳ್ಳಿ. ಅವರ ಒಂದೇ ಒಂದು ಚಾಳಿ ಗಮನಿಸಿ, ಹತ್ತು ಬೇಡ. ಅದರ ಹಿಂದಿನ 'ಯಾಕೆ' ಕೇಳಿ, ಇಲ್ಲವೇ ಊಹಿಸಿ. ಆಮೇಲೆ ಹೆಸರು, ಮನೆ, ಕೆಲಸ ಎಲ್ಲ ಬದಲಾಯಿಸಿಬಿಡಿ, ಯಾರ ಮನಸ್ಸೂ ನೋಯಬಾರದು. ಬರೆದದ್ದನ್ನು ಅವರ ಎದುರಿಗೇ ಓದಲು ಧೈರ್ಯ ಬಂದರೆ ಪಾತ್ರ ಗೆದ್ದಂತೆ.

ತಾತಂದಿರೇ, ಅಜ್ಜಿಯರೇ, ಮೊಮ್ಮಕ್ಕಳು ನೋಟ್‌ಬುಕ್ ಹಿಡಿದು ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಗದರಬೇಡಿ. ಹಾಲಿನ ಖಾಲಿ ಕವರುಗಳನ್ನು ತೊಳೆದು, ಒಣಗಿಸಿ, ಎಣಿಸಿ ಇಡುವ ನನ್ನ ಚಾಳಿ ಈಗಾಗಲೇ ಮೂರು ಕಥೆಗಳಲ್ಲಿ ಬಂದಿದೆ. ಒಂದರಲ್ಲಂತೂ ಆ ಕವರುಗಳಿಂದಲೇ ದೋಣಿ ಮಾಡಿಕೊಂಡು ನಾನು ಸಮುದ್ರ ದಾಟಿದ್ದೇನೆ.