ಕಸಾಯಿಖಾನೆಗೂ ವಾಸ್ತುಶಿಲ್ಪಿ ಬೇಕೆಂದ ಊರು

ಇಲಾಂಟ್ಸ್ ಪಟ್ಟಣ ಬಿಟ್ಟ ಹಳದಿ ಅಂಚೆ ಬಸ್ಸು ಲುಮ್ನೆಜಿಯಾ ಕಣಿವೆಯನ್ನು ಏರುತ್ತ, ಕಣ್ಣಿಗೆ ಕಾಣದ ತಿರುವು ಬಂದಾಗ ಮೂರು ಸ್ವರದ ಹಾರ್ನ್ ಹಾಕುತ್ತದೆ. ರೊಸ್ಸೀನಿಯ ‘ವಿಲಿಯಂ ಟೆಲ್’ ಸಂಗೀತದಿಂದ ಎತ್ತಿಕೊಂಡ ಸ್ವರಗಳಂತೆ. ಇಷ್ಟರಲ್ಲೇ ನನ್ನ ತಲೆಯೊಳಗೆ ಸಿನಿಮಾ ಶುರುವಾಗಿತ್ತು: ಹಿಮ, ಹುಲ್ಲುಗಾವಲು, ಚಾಕಲೇಟ್ ಡಬ್ಬಿಯ ಮೇಲಿನ ಮನೆ. ಕಣಿವೆಯ ಕೊನೆಗೆ, ಸಮುದ್ರಮಟ್ಟದಿಂದ 1,448 ಮೀಟರ್ ಎತ್ತರದ ವ್ರಿನ್‌ನಲ್ಲಿ ಇಳಿದಾಗ ಮೂಗಿಗೆ ಬಡಿದದ್ದು ಸಗಣಿ ಮತ್ತು ಒಣಹುಲ್ಲಿನ ವಾಸನೆ. ಸಿನಿಮಾ ಅಲ್ಲಿಗೇ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು.

ಮುನ್ನೂರು ಜನವೂ ಇಲ್ಲದ ಊರು. ಆಡುವುದು ರೊಮಾನ್ಶ್. 1938ರಲ್ಲಿ ಸ್ವಿಟ್ಜರ್ಲೆಂಡಿನ ನಾಲ್ಕನೆಯ ರಾಷ್ಟ್ರೀಯ ಭಾಷೆ ಎನಿಸಿಕೊಂಡ, ದೇಶದಲ್ಲಿ ನೂರಕ್ಕೆ ಒಬ್ಬರಷ್ಟೂ ಮಾತೃಭಾಷೆಯಾಗಿ ಆಡದ ಭಾಷೆ ಅದು. ಮನೆಗಳೆಲ್ಲ ಮರದವು. ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಒಂದರ ಕಚ್ಚಿಗೆ ಇನ್ನೊಂದನ್ನು ಕೂರಿಸಿ ಎಬ್ಬಿಸಿದ ಗೋಡೆಗಳು. ಮೂಲೆಗಳಲ್ಲಿ ದಿಮ್ಮಿಯ ತುದಿಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಒಂದು ಹಳೆಯ ಮನೆಯ ಮೂಲೆ ಮುಟ್ಟಿ ನೋಡಿದೆ. ತಲೆತಲಾಂತರದ ಬಿಸಿಲಿಗೆ ಸುಟ್ಟು ಕಪ್ಪುಗಂದಾದ ಮರ. ಮೆತ್ತನೆಯ ಭಾಗ ಸವೆದು, ವರ್ಷದ ಗೆರೆಗಳು ಬೆರಳಿಗೆ ಸಿಗುವಂತೆ ಉಬ್ಬಿವೆ. ನಾಲ್ಕು ಹೆಜ್ಜೆ ಆಚೆ ಅದೇ ಕಟ್ಟಡದ ರೀತಿ, ಆದರೆ ಮರದ ಬಣ್ಣ ಇನ್ನೂ ಎಳೆಯದು. ಬಣ್ಣ ನೋಡದಿದ್ದರೆ ಎರಡರಲ್ಲಿ ಯಾವುದು ಅಜ್ಜ, ಯಾವುದು ಮೊಮ್ಮಗ ಎಂದು ಹೇಳುವುದು ಕಷ್ಟ.

ಈ ಮೊಮ್ಮಕ್ಕಳ ಹಿಂದಿರುವವರು ಗಿಯೋನ್ ಕಮಿನಾಡ. 1957ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮೊದಲು ಬಡಗಿ ಕೆಲಸ ಕಲಿತು, ಆಮೇಲೆ ವಾಸ್ತುಶಿಲ್ಪಿಯಾದವರು. ಜೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಮೇಲೂ ವ್ರಿನ್‌ನ ನಂಟು ಬಿಡಲಿಲ್ಲ. ಆದರೆ ಊರನ್ನು ಉಳಿಸಿದ್ದು ಕಟ್ಟಡಗಳು ಎಂದರೆ ಅರ್ಧ ಮಾತಾಗುತ್ತದೆ. ಅದಕ್ಕೂ ಮುಂಚೆ ಆದದ್ದು ಜಮೀನಿನ ಕೆಲಸ. ಯುವಕರು ಊರು ಬಿಡುತ್ತಿದ್ದ ಕಾಲ. ಖಾಲಿ ನಿವೇಶನ ಹೊರಗಿನವರ ರಜಾಮನೆಗಳ ಪಾಲಾಗುವ ಭಯ. ಆಗ ಪಂಚಾಯಿತಿಯೇ ಮಾರಾಟಕ್ಕಿದ್ದ ನಿವೇಶನಗಳನ್ನು ಕೊಂಡುಕೊಂಡಿತು. ಚೂರುಚೂರಾಗಿ ಹಂಚಿಹೋಗಿದ್ದ ಹೊಲಗಳನ್ನು ಒಟ್ಟುಗೂಡಿಸಿ ಮರುಹಂಚಿಕೆ ಮಾಡಲಾಯಿತು. ಊರಿನ ಬೆಳವಣಿಗೆ ನೋಡಿಕೊಳ್ಳಲು ‘ಪ್ರೊ ವ್ರಿನ್’ ಎಂಬ ಪ್ರತಿಷ್ಠಾನವೂ ಹುಟ್ಟಿತು. ನೆಲ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಮೇಲೆಯೇ ಇವರು ಅಂದಚೆಂದಕ್ಕೆ ಕೈಹಾಕಿದ್ದು.

ಆ ಅಂದಚೆಂದವಾದರೂ ಎಂಥದ್ದು! ಊರಂಚಿನ ಇಳಿಜಾರಿನಲ್ಲಿ ಹೊಸ ಕೊಟ್ಟಿಗೆಗಳು, ಅವುಗಳ ಪಕ್ಕದಲ್ಲೇ ಕಸಾಯಿಖಾನೆ. ನಮ್ಮಲ್ಲಾದರೆ ಅತಿಥಿಗಳ ಕಣ್ಣಿಗೆ ಬೀಳದಂತೆ ಎಲ್ಲೋ ಮರೆಮಾಡುತ್ತಿದ್ದೆವು. ಇಲ್ಲಿ ಅದನ್ನು ಕಟ್ಟಿಸುವುದಕ್ಕೂ ವಾಸ್ತುಶಿಲ್ಪಿ ಬೇಕಾದರು. ರೈತರು ತಮ್ಮ ದನ ಕುರಿಗಳನ್ನು ದಲ್ಲಾಳಿಗೆ ಒಪ್ಪಿಸದೆ, ಮಾಂಸವನ್ನು ಇಲ್ಲೇ ಹದಮಾಡಿ ನೇರವಾಗಿ ಮಾರಿದರೆ ಲಾಭ ಊರಲ್ಲೇ ಉಳಿಯುತ್ತದೆಂಬುದು ಲೆಕ್ಕಾಚಾರ. ದೇಶದ ಪರಂಪರೆ ಸಂರಕ್ಷಣಾ ಸಂಸ್ಥೆ 1998ರ ವಾಕರ್ ಪ್ರಶಸ್ತಿಯನ್ನು ವ್ರಿನ್‌ಗೆ ಕೊಟ್ಟಿತು. ಆ ಮೆಚ್ಚುಗೆಯಲ್ಲಿ ಹಳೆಯದನ್ನು ಕಾಪಾಡಿದ್ದಕ್ಕಿಂತ, ಹೊಸದನ್ನು ಹೀಗೆ ಕಟ್ಟಿದ್ದಕ್ಕೇ ದೊಡ್ಡ ಪಾಲು ಎಂದು ನನಗೆ ಅನಿಸುತ್ತದೆ. ಊರಿನ ಟೆಲಿಫೋನ್ ಬೂತನ್ನು ಸಹ ಹಲಗೆ ಪೇರಿಸಿ ಕಟ್ಟಿದ್ದಾರೆ. ಅಷ್ಟು ಹಟ ಬೇಕಿತ್ತೇ ಎಂದು ಒಂದು ಕ್ಷಣ ಅನಿಸದೇ ಇರಲಿಲ್ಲ.

ಆದರೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡದ್ದು ಚರ್ಚಿನ ಹತ್ತಿರದ ‘ಸ್ತೀವಾ ದಾ ಮೋರ್ಟ್ಸ್’, ಅಂದರೆ ಸತ್ತವರ ಕೋಣೆ. ಹಿಂದೆ ಇಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವತನಕ ಮನೆಯ ನಡುಕೋಣೆಯಲ್ಲೇ ಮಲಗಿಸುತ್ತಿದ್ದರು. ನೆರೆಹೊರೆಯವರು ಬಂದು ಕೂರುತ್ತಿದ್ದರು. ಬದುಕಿನ ರೀತಿ ಬದಲಾದಂತೆ ಆ ಪದ್ಧತಿಗೆ ಜಾಗ ಸಾಲದಾಯಿತು. ಹಾಗೆಂದು ಹೆಣವನ್ನು ದೂರದ ಶವಾಗಾರಕ್ಕೆ ಸಾಗಹಾಕುವುದೇ? ಊರವರೊಡನೆ ಮಾತಾಡಿ ಮಾತಾಡಿ ಕಮಿನಾಡ 2002ರ ಹೊತ್ತಿಗೆ ಈ ಮನೆ ಕಟ್ಟಿದರು. ಹೊರಗೆ ಚರ್ಚಿನ ಹಾಗೆ ಬಿಳಿ ಬಳಿದಿದ್ದಾರೆ, ಒಳಗೆ ಊರಿನ ಮನೆಗಳ ಹಾಗೆ ಮರ. ಆ ಮರಕ್ಕೆ ಅರಗಿನ ಮೆರುಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಕಿಟಕಿಯಿಂದ ಬಂದ ಬೆಳಕು ಗೋಡೆಗೆ ತಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಒಂದು ಕಡೆ ಮೃತರನ್ನು ಇಡುವ ಜಾಗ, ಇನ್ನೊಂದು ಕಡೆ ಕಾಫಿ ಕಾಸಲು ಅಡುಗೆಮನೆ. ಅಳುವವರಿಗೂ ಹರಟುವವರಿಗೂ ಒಂದೇ ಸೂರು. ಸಾವಿನ ಮನೆಯಲ್ಲಿ ಕಾಫಿಯ ಏರ್ಪಾಟನ್ನೂ ನಕ್ಷೆಯಲ್ಲೇ ಬರೆದ ಆ ಮನುಷ್ಯನ ಬಗ್ಗೆ ನನಗೆ ಗೌರವ ಉಕ್ಕಿತು.

ಇಷ್ಟಾದರೂ ವ್ರಿನ್ ಗೆದ್ದುಬಿಟ್ಟ ಊರೇನೂ ಅಲ್ಲ. ಜನಸಂಖ್ಯೆ ಏರಲಿಲ್ಲ. 2013ರಲ್ಲಿ ಕಣಿವೆಯ ಎಂಟು ಪಂಚಾಯಿತಿಗಳು ಸೇರಿ ಲುಮ್ನೆಜಿಯಾ ಎಂಬ ಒಂದೇ ಪಂಚಾಯಿತಿಯಾದವು. ವ್ರಿನ್ ಅದರಲ್ಲೊಂದು ಹಳ್ಳಿಯಾಗಿ ಉಳಿಯಿತು. ಆದರೆ ಪೇಚಾಟದ ನಡುವೆಯೂ ಒಂದು ವಿಚಿತ್ರ ವರಮಾನ ಅದಕ್ಕೆ ಒದಗಿತ್ತು. ಊರಿನ ಮೇಲಿರುವ ಗ್ರೈನಾ ಎಂಬ ಎತ್ತರದ ಬಯಲನ್ನು ಮುಳುಗಿಸಿ ವಿದ್ಯುತ್ ತೆಗೆಯುವ ಯೋಜನೆಯಿತ್ತು. ವಿರೋಧ ಬೆಳೆದು 1986ರಲ್ಲಿ ಅದು ಕೈಬಿಟ್ಟುಹೋಯಿತು. ಅಣೆಕಟ್ಟಿನಿಂದ ವ್ರಿನ್ ಮತ್ತು ಸುಮ್ವಿಟ್ಗ್ ಪಂಚಾಯಿತಿಗಳಿಗೆ ಬರಬೇಕಿದ್ದ ಆದಾಯವೂ ತಪ್ಪಿತು. ಪ್ರಕೃತಿಯನ್ನು ಹಾಗೇ ಬಿಟ್ಟು ನಷ್ಟ ಅನುಭವಿಸುವ ಇಂಥ ಊರುಗಳಿಗೆ ಕೇಂದ್ರ ಸರ್ಕಾರವೇ ಪರಿಹಾರ ಕಟ್ಟಿಕೊಡುವ ಏರ್ಪಾಡು 1990ರ ದಶಕದಲ್ಲಿ ಬಂತು. ಹೊಳೆಯನ್ನು ಹರಿಯಲು ಬಿಟ್ಟದ್ದಕ್ಕೆ ಹಣ! ಪಶ್ಚಿಮ ಘಟ್ಟದ ಹೊಳೆಗಳ ಯೋಜನೆಗಳನ್ನು ಕೇಳುತ್ತ ಬೆಳೆದ ನಾನು ಇದನ್ನು ಎರಡು ಸಲ ಓದಿ ನೋಡಿದೆ.

ಗ್ರೈನಾಗೆ ಇಂದಿಗೂ ರಸ್ತೆಯಿಲ್ಲ. ಪುಟ್ಸಾಚ್ ಎಂಬ ಕೊನೆಯ ಕೇರಿಯಿಂದ ಮುಂದೆ ಕಾಲೇ ಗತಿ. 2,428 ಮೀಟರ್ ಎತ್ತರದ ಡೀಸ್ರುಟ್ ಕಣಿವೆದಾರಿ ದಾಟಬೇಕು, ರಾತ್ರಿಗೆ ತೆರ್ರಿ ಗುಡಿಸಲಿನಲ್ಲಿ ತಂಗಬಹುದು. ಹೋಗುವವರು ಬೇಸಿಗೆಯಲ್ಲೇ ಹೋಗಿ, ಬುತ್ತಿಗೆ ಇಲ್ಲಿಯ ಒಣಮಾಂಸವನ್ನೋ, ಅದು ಒಗ್ಗದಿದ್ದರೆ ಗಿಣ್ಣನ್ನೋ ಕಟ್ಟಿಸಿಕೊಳ್ಳಿ. ಏರುದಾರಿ ಹಸಿವು ಹುಟ್ಟಿಸುತ್ತದೆ, ದಾರಿಯಲ್ಲಿ ಅಂಗಡಿಯಿಲ್ಲ.